ಮಗಳ ಆಯಸ್ಸೂ ಇಳಿಯಿತಾ?

ಪ್ರಶ್ನೆ: ಕೊರೋನಾದಿಂದ ಜಗತ್ತಿನ ಸರಾಸರಿ ಆಯಸ್ಸು ಸುಮಾರು ಎರಡು ವರ್ಷ ಇಳಿಯಿತು ಅಂತ ಓದಿದೆ. ನನ್ನ ಮಗಳು ಹುಟ್ಟಿದ್ದು 2021ರಲ್ಲಿ. ಅವಳ ಆಯಸ್ಸೂ ಕಡಿಮೆಯಾಯಿತಾ?
– ಒಬ್ಬ ತಾಯಿ, ಹಾಸನ

ಉತ್ತರ: ಇಲ್ಲಮ್ಮ, ಆ ಭಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಿಂದ 2021ರೊಳಗೆ ಅದು 1.8 ವರ್ಷ ಕುಸಿದು 71.4ಕ್ಕೆ ಬಂತು, ನಿಜ. ಆದರೆ ಈ ಅಂಕಿ ನಿಮ್ಮ ಮಗುವಿನ ಭವಿಷ್ಯ ಹೇಳುವುದಿಲ್ಲ. ಆ ಒಂದು ವರ್ಷದಲ್ಲಿ ಯಾವ ವಯಸ್ಸಿನವರು ಎಷ್ಟು ಜನ ಸತ್ತರೋ, ಮಗು ಬೆಳೆದು ಮುದುಕಿಯಾಗುವವರೆಗೂ ಅದೇ ಪ್ರಮಾಣದಲ್ಲಿ ಸಾಯುತ್ತಾರೆ ಅಂದುಕೊಂಡು ಹಾಕಿದ ಲೆಕ್ಕ ಅದು. ಕಾಯಿಲೆ ಅಷ್ಟು ವರ್ಷ ಹಾಗೇ ಕೂರುವುದಿಲ್ಲ ಅಲ್ವಾ?

1918ರ ಫ್ಲೂನಲ್ಲಿ ಅಮೆರಿಕದ ಸರಾಸರಿ ಒಂದೇ ವರ್ಷದಲ್ಲಿ ಸುಮಾರು 12 ವರ್ಷ ಬಿತ್ತು, ಮರುವರ್ಷವೇ ಮೇಲೆದ್ದಿತು. ಆಗ ಪ್ರಾಯದವರೇ ಜಾಸ್ತಿ ಸತ್ತಿದ್ದರು, ಅದಕ್ಕೇ ಅಷ್ಟು ದೊಡ್ಡ ಕುಸಿತ. ಈ ಸಲ ಅಲ್ಲಿ 78.8 ಇದ್ದದ್ದು 2021ರಲ್ಲಿ 76.4ಕ್ಕೆ ಇಳಿದು, 2023ಕ್ಕೆ 78.4 ಆಯಿತು.

ಸರಾಸರಿ ಎದ್ದಿತು, ಸರಿ. ಆದರೆ 2020 ಮತ್ತು 2021ರಲ್ಲಿ ಮಾಮೂಲಿಗಿಂತ ಸುಮಾರು 1.49 ಕೋಟಿ ಜನ ಹೆಚ್ಚು ಸತ್ತರು, ಅವರ ಮನೆಗಳಲ್ಲಿ ಖಾಲಿಯಾದ ಜಾಗ ಈ ಅಂಕಿಯಲ್ಲಿ ಕಾಣುವುದೇ ಇಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮಗಳ ಲಸಿಕೆ ಕಾರ್ಡ್ ಒಮ್ಮೆ ತೆಗೆದು ನೋಡಿ. 2021ರಲ್ಲಿ ಜಗತ್ತಿನ ಸುಮಾರು 2.5 ಕೋಟಿ ಮಕ್ಕಳಿಗೆ ಮಾಮೂಲಿ ಲಸಿಕೆ ತಪ್ಪಿತ್ತು.