ಹಳೇ ಮೆಟಡೋರ್ ವ್ಯಾನನ್ನು ಮನೆಯಲ್ಲೇ ಕ್ಯಾಂಪರ್ (ಒಳಗೇ ಅಡುಗೆ ಮಾಡಿ ಮಲಗುವ ಗಾಡಿ) ಮಾಡಬೇಕು. ಒಳಗೆ ಸಾಗವಾನಿ ಹಾಕಿಸಲಾ, ಪ್ಲೈವುಡ್ ಹಾಕಿಸಲಾ?

"ಮಾವನ ಹಿತ್ತಲಲ್ಲಿ ಎಂಟು ವರ್ಷದಿಂದ ನಿಂತಿದೆ" ಅಂತ ನಿಮ್ಮ ಗಾಡಿ ಬಗ್ಗೆ ನೀವು ಬರೆದ ಸಾಲು ಓದಿ ನಗು ಬಂತು. ನನ್ನದು ಒಂದು ಅಡಿಕೆ ಮಂಡಿಯ ಹಿಂದೆ ಆರು ವರ್ಷ ನಿಂತಿತ್ತು. ಮೇಲೆ ಬಳ್ಳಿ ಹಬ್ಬಿತ್ತು. ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. 1986ರ ಗಾಡಿ. 2018ರ ಡಿಸೆಂಬರಿನಲ್ಲಿ 70 ಸಾವಿರ ಕೊಟ್ಟು, ಪಿಕಪ್ಪಿಗೆ ಹಗ್ಗ ಕಟ್ಟಿ ತೀರ್ಥಹಳ್ಳಿಯ ನಮ್ಮ ಮನೆ ಅಂಗಳಕ್ಕೆ ಎಳೆದುಕೊಂಡು ಬಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇದಕ್ಕೆ ಆರತಿ ಬೇರೆ ಎತ್ತಬೇಕೇನ್ರೀ?" ಅಂದಳು.

ಏನೇನು ಮಾಡಿಸಬೇಕು ಅಂತ ನೀವು ಹಾಕಿದ ಪಟ್ಟಿ ನೋಡಿದೆ. ಸಾಗವಾನಿ, ಪ್ಲೈವುಡ್, ಸೋಲಾರ್, ಫ್ರಿಜ್, ರೂಫ್ ಎತ್ತರಿಸೋದು, ಎರಡು ಬಣ್ಣದ ಪೇಂಟು. ಮಳೆ ನೀರಿನ ಬಗ್ಗೆ ಒಂದು ಮಾತೂ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಇಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದಕ್ಕೆ ಹೆದರಬೇಕಾಗಿಲ್ಲ. ಮೆಟಡೋರ್ ಮೂಲದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಟೆಂಪೊ ಕಂಪನಿಯ ಡಿಸೈನು. ಇಲ್ಲಿ ಪುಣೆಯ ಬಜಾಜ್ ಟೆಂಪೊ ಮಾಡುತ್ತಿತ್ತು. ಅದೇ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಅಂತ ಹೆಸರು ಬದಲಾಯಿಸಿಕೊಂಡಿತು. ಮದುವೆ ದಿಬ್ಬಣ, ಸ್ಕೂಲ್ ಮಕ್ಕಳು, ಅಡಿಕೆ ಮೂಟೆ ಎಲ್ಲವನ್ನೂ ಹೊತ್ತ ಗಾಡಿ ಇದು. ಐವತ್ತು ದಾಟಿದ ಯಾವ ಮೆಕ್ಯಾನಿಕ್‌ಗೂ ಕಣ್ಣು ಮುಚ್ಚಿ ಬಿಚ್ಚಲು ಬರುತ್ತದೆ. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಸಿ. ಬ್ರೇಕ್ ಸಿಲಿಂಡರ್‌ಗಳಿಗೆ ಕಿಟ್ ಹಾಕಿಸಿ. ರಬ್ಬರ್ ಪೈಪುಗಳನ್ನೆಲ್ಲ ಎಸೆಯಿರಿ. ಟೈರ್ ನೋಡಲು ಹೊಸದಾಗಿ ಕಂಡರೂ ಎಂಟು ವರ್ಷ ಒಂದೇ ಕಡೆ ನಿಂತಿದ್ದರೆ ಎಸೆಯಿರಿ. ಸ್ಪೇರ್ ಪಾರ್ಟ್ಸ್ ನನಗೆ ಅರ್ಧ ಶಿವಮೊಗ್ಗದ ಗುಜರಿಯಲ್ಲಿ, ಅರ್ಧ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಎರಡು ತಿಂಗಳಲ್ಲಿ ಗಾಡಿ ಸ್ಟಾರ್ಟ್ ಆಯಿತು. ಅಲ್ಲಿಂದ ನನಗೆ ತಲೆ ನಿಲ್ಲಲಿಲ್ಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

2019ರ ಬೇಸಿಗೆ ರಜೆ. ಗಾಡಿಯ ಒಳಗೆ ಇರುವೆ ಸಾಲು. ಎಲ್ಲಿಂದ ಬರುತ್ತಿವೆ ಅಂತ ಹುಡುಕುತ್ತಾ ಹೋದರೆ ಬಾಗಿಲುಗಳ ತಳದ ಅಂಚಿನಲ್ಲಿ ಸಣ್ಣ ಸಣ್ಣ ತೂತು. ಹೊಸ್ತಿಲ ಕೆಳಗೆ ಡಬ್ಬಿಯ ಹಾಗೆ ಮಡಿಚಿದ ತಗಡಿದೆಯಲ್ಲ, ಅದರ ಅಡಿಯಲ್ಲೂ ತೂತು. ಎಲ್ಲ ಸೇರಿ ಹದಿನಾಲ್ಕು. ಹಳೇ ಗಾಡಿ, ತುಕ್ಕು ತಿಂದು ತೂತಾಗಿದೆ ಅಂದುಕೊಂಡೆ. ಎಲ್ಲವೂ ಒಂದೇ ಅಳತೆಯಲ್ಲಿ, ನೀಟಾಗಿ, ಸಮ ದೂರದಲ್ಲಿ ಯಾಕಿವೆ ಅಂತ ತಲೆಗೆ ಹೋಗಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಸಂದು ಮುಚ್ಚುವ ಸಿಲಿಕಾನ್ ಅಂಟು ಎರಡು ಟ್ಯೂಬ್ ತಂದು ಹದಿನಾಲ್ಕನ್ನೂ ಮುಚ್ಚಿದೆ. ಬೆರಳಿಂದ ಸವರಿ ನುಣುಪು ಬೇರೆ ಮಾಡಿದೆ. ಇರುವೆ ನಿಂತವು. ಆ ದಿನ ನನಗಾದ ಖುಷಿ ಹೇಳತೀರದು.

ಆ ತೂತುಗಳು ಕಂಪನಿಯವರೇ ಬಿಟ್ಟದ್ದು. ಬಾಗಿಲಿನ ಗಾಜು ಕೆಳಗೆ ಇಳಿಯುವ ಸಂದಿ ಇದೆಯಲ್ಲ, ಅಲ್ಲಿ ಎಷ್ಟೇ ರಬ್ಬರ್ ಪಟ್ಟಿ ಇದ್ದರೂ ಮಳೆ ಬಂದಾಗ ನೀರು ಬಾಗಿಲ ಒಳಗೆ ಇಳಿದೇ ಇಳಿಯುತ್ತದೆ. ಹೊಸ ಕಾರಿನಲ್ಲೂ ಇಳಿಯುತ್ತದೆ. ಅದನ್ನು ತಡೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಬಂದ ನೀರು ತಳದ ತೂತಿನಿಂದ ಹೊರಗೆ ಹೋಗಲಿ, ಆಮೇಲೆ ಗಾಳಿ ಆಡಿ ಒಣಗಲಿ ಅಂತ ಬಿಟ್ಟಿರುತ್ತಾರೆ. ಹೊಸ್ತಿಲ ಡಬ್ಬಿಯದೂ ಅದೇ ಕಥೆ. ನಾನು ಮಾಡಿದ್ದು ಬಚ್ಚಲ ಮೋರಿಗೆ ಬಟ್ಟೆ ತುರುಕಿ ಸ್ನಾನಕ್ಕೆ ಕೂತ ಹಾಗೆ.

ಅದೂ ಎಂಥಾ ಸಿಲಿಕಾನ್! ವಿನೆಗರ್ ತರಹ ಹುಳಿ ವಾಸನೆ ಬರುವ ಅಗ್ಗದ್ದು. ಆ ವಾಸನೆ ಅಸಿಟಿಕ್ ಆಸಿಡ್‌ದು. ಒಣಗುವಾಗ ಅದನ್ನು ಬಿಡುತ್ತದೆ, ಪೇಂಟ್ ಇಲ್ಲದ ತಗಡಿಗೆ ತಗುಲಿದರೆ ಅಲ್ಲೇ ತುಕ್ಕು ಶುರು. ಗಾಜಿಗೆ, ಟೈಲ್ಸಿಗೆ ಅದು ಸರಿ. ಗಾಡಿಯ ತಗಡಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ತಗೊಳ್ಳಬೇಕು. ಅದನ್ನೂ ತೂತಿಗಲ್ಲ, ಜಾಯಿಂಟಿಗೆ.

ತಪ್ಪು ಅಲ್ಲಿಗೇ ನಿಂತಿದ್ದರೆ ಯಾವತ್ತಾದರೂ ಕಣ್ಣಿಗೆ ಬೀಳುತ್ತಿತ್ತು. ಆದರೆ ಅದರ ಮೇಲೆ ನಾನು ಮನೆ ಕಟ್ಟಿದೆ. ಬಾಡಿಯ ಒಳಗೋಡೆಗೆಲ್ಲ ಬಿಸಿಲ ಕಾವು ತಡೆಯಲು ಗ್ಲಾಸ್ ವೂಲ್ (ಗಾಜಿನ ನಾರಿನ ಹಾಸು) ತುಂಬಿ, ಮೇಲೆ ಪ್ಲೈ ಹೊಡೆದೆ. ನೆಲಕ್ಕೆ 18 ಎಂಎಂ ಪ್ಲೈ, ಅದನ್ನು ನೇರ ತಗಡಿಗೇ ಸ್ಕ್ರೂ. ಪ್ರತಿ ಸ್ಕ್ರೂ ಅಂದರೆ ರಸ್ತೆ ನೀರು ಮೇಲೆ ಬರಲು ಒಂದೊಂದು ದಾರಿ. ಮೇಲಿಂದ ವಿನೈಲ್ ಶೀಟು. ಗ್ಲಾಸ್ ವೂಲ್ ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ, ತಗಡಿಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಹೊರಗಿಂದ ಮಳೆಯೇ ಬರಬೇಕೆಂದಿಲ್ಲ. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದಲೇ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಅದು ಹೋಗಿ ತಣ್ಣಗಿರುವ ತಗಡಿಗೆ ಕೂರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು.

ಆ ವರ್ಷದ ಆಗಸ್ಟ್ ಮಳೆ ನಿಮಗೂ ನೆನಪಿರಬಹುದು. ಆಗುಂಬೆ ನಮ್ಮಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್, ಅಂದಮೇಲೆ ನಮ್ಮ ಮಳೆ ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಾಡಿಗೆ ಟಾರ್ಪಾಲು ಬಿಗಿಯಾಗಿ ಕಟ್ಟಿ ನೆಮ್ಮದಿಯಾಗಿದ್ದೆ. ಅದೂ ತಪ್ಪೇ, ಇದ್ದಬದ್ದ ಗಾಳಿಯೂ ನಿಂತಿತು.

ದಸರಾ ರಜೆಯಲ್ಲಿ ಮೊದಲ ಪ್ರವಾಸ, ಮರವಂತೆಗೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ನಮ್ಮ ವ್ಯಾನು ಅಂತ ಕನಸು ಕಂಡಿದ್ದೆ. ಆಗುಂಬೆ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಗುಳುಗುಳು ಸದ್ದು. ಮಗ ಹೇಳಿದ, "ಅಪ್ಪಾ, ಬಾಗಿಲೊಳಗೆ ನೀರಿದೆ."

"ಅದು ಹಿಂದಿರೋ ನೀರಿನ ಟ್ಯಾಂಕ್ ಕಣೋ, ಸುಮ್ನೆ ಕೂತ್ಕೋ" ಅಂದೆ.

ಹದಿನಾಲ್ಕು ತಿರುವು. ಹದಿನಾಲ್ಕು ಸಲ ಗುಳುಗುಳು. ತೂತುಗಳೂ ಹದಿನಾಲ್ಕೇ ಇದ್ದವು ಅಂತ ಆಮೇಲೆ ಹೊಳೆಯಿತು.

ರಾತ್ರಿ ಮರವಂತೆಯಲ್ಲಿ ಕಿಟಕಿ ಹಾಕಿ ಮಲಗಿದರೆ ಕೊಟ್ಟಿಗೆ ವಾಸನೆ. ಎರಡು ಗಂಟೆಗೆ ಮುಖದ ಮೇಲೆ ಹನಿ. ಹೊರಗೆ ನಕ್ಷತ್ರ ಹೊಳೆಯುತ್ತಿದೆ, ಒಳಗೆ ಮಳೆ! ಹೆಂಡತಿ ಮಾತಾಡಲಿಲ್ಲ. ಮಗನನ್ನು ಎಬ್ಬಿಸಿಕೊಂಡು ಎದುರಿನ ಲಾಡ್ಜಿಗೆ ಹೋದಳು.

ಊರಿಗೆ ಬಂದು ಟಿಂಕರಿಂಗ್ ಮೇಸ್ತ್ರಿಯನ್ನು ಕರೆಸಿದೆ. ಅವರು ಬಾಗಿಲ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಹಪ್ಪಳದ ಹಾಗೆ ಒಳಗೆ ಹೋಯಿತು. ಎಳೆದರೆ ಕಂದು ನೀರು, ಎರಡು ಮೂರು ಚೊಂಬು.

"ಮೇಷ್ಟ್ರೇ, ಇದಕ್ಕೆ ತೂತು ಇರಲಿಲ್ವಾ?"

"ಇತ್ತು. ನಾನೇ ಮುಚ್ಚಿದೆ."

"ಯಾಕೆ?"

"ಇರುವೆ ಬರ್ತಿತ್ತು."

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಬೀಡಿ ಹಚ್ಚಿಕೊಂಡು ಗಾಡಿಗೆ ಒಂದು ಸುತ್ತು ಬಂದರು. "ಎಲ್ಲಾ ಬಿಚ್ಚಿ" ಅಂದರು.

ಬಿಚ್ಚಿದೆ. ಒಳಗಿನ ಕೆಲಸಕ್ಕೆ 1 ಲಕ್ಷ 35 ಸಾವಿರ ಸುರಿದಿದ್ದೆ. ಉಳಿದದ್ದು ಸ್ಟೀಲ್ ಸಿಂಕು, ಒಂದು ಫ್ಯಾನು, ನಾಲ್ಕು ಲೈಟು. ನೆಲದ ತಗಡು ಅಂಚಿನಲ್ಲೆಲ್ಲ ಜಾಲರಿ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ತಗೊಳ್ಳುತ್ತದೆ, ಹಾಗಾಗಿ ಹೊಸ್ತಿಲ ಡಬ್ಬಿ ಒಳಗಿಂದಲೇ ಉಬ್ಬಿ ಜಾಯಿಂಟು ಬಿಟ್ಟುಕೊಂಡಿತ್ತು. ಮೇಸ್ತ್ರಿ ಒಳ್ಳೇ ತಗಡು ಸಿಗುವವರೆಗೂ ಕತ್ತರಿಸಿದರು, 18 ಗೇಜ್ ತಗಡು ಮಡಿಚಿ ಕೂರಿಸಿದರು. ಒಂದೇ ಸಮನೆ ಬೆಸುಗೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ ಅಂತ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಡುತ್ತಾ ಹೋದರು. ಆಮೇಲೆ ಜಿಂಕ್ ಪ್ರೈಮರ್, ಜಾಯಿಂಟಿಗೆ ಪಿಯು ಸೀಲಂಟ್. ಕೊನೆಗೆ ಡ್ರಿಲ್ ಹಿಡಿದು, ನನ್ನ ಮುಖ ನೋಡುತ್ತಾ, ಹದಿನಾಲ್ಕು ತೂತು ಕೊರೆದರು. ಐದು ವಾರ, 82 ಸಾವಿರ. "ಪುಟ್ಟಿ ಹಾಕಿ ಮುಚ್ಚಿದ್ರೆ ಹದಿನೈದು ಸಾವಿರದಲ್ಲಿ ಮುಗೀತಿತ್ತು, ಆದ್ರೆ ಮುಂದಿನ ಮಳೆಗೆ ನೀವು ಮತ್ತೆ ಬರ್ತೀರಿ" ಅಂದರು. ಇಂಥವರು ಸಿಕ್ಕರೆ ಚೌಕಾಸಿ ಮಾಡಬೇಡಿ.

ಹಾಗಾಗಿ ನಿಮ್ಮ ಮಾವನ ಗಾಡಿಯ ಸೀಟು, ಮ್ಯಾಟು, ಒಳಗಿನ ಹಲಗೆ ಎಲ್ಲ ಮೊದಲು ಬಿಚ್ಚಿ. ಒಬ್ಬರು ಒಳಗೆ ಟಾರ್ಚು, ಚಾಕ್‌ಪೀಸು ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿಂದ ತೋಟದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿಂದ ಶುರು ಮಾಡಿ ಮೇಲೆ ಹೋಗಿ. ರೂಫಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹನಿ ಕಂಡಲ್ಲಿ ಗುರುತು ಹಾಕಿ. ನನ್ನ ಗಾಡಿಯಲ್ಲಿ ಮುಂದಿನ ಗಾಜಿನ ರಬ್ಬರು, ರೂಫ್ ಅಂಚಿನ ನೀರು ಹರಿಯುವ ಕಾಲುವೆಯ ಜಾಯಿಂಟು, ಇವೆರಡೇ ಒಂಬತ್ತು ಕಡೆ ಸೋರುತ್ತಿದ್ದವು. ಒಂದು ಮಳೆಗಾಲ ಪೂರ್ತಿ ಗಾಡಿಯನ್ನು ಹಾಗೇ ಬೋಳಾಗಿ ಇಡಲು ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ನಿಮಗೆ ಇರಲಿಕ್ಕಿಲ್ಲ, ಫೋಟೋ ಹಾಕುವ ಆತುರ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿದೆ.

ಇನ್ನು "ವಿಂಟೇಜ್ ಆಗಿ ಉಳಿಸಬೇಕಾ, ಕಸ್ಟಮೈಸ್ ಮಾಡಬೇಕಾ" ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಬೇಡ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲದ ಹಾಗೇ ಇರಬೇಕು. ನಿಮ್ಮದು 1985ರದ್ದು, ಇನ್ನೂ 2035 ಬರಬೇಕು. ವಿಂಟೇಜ್ ನಂಬರ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಬಂಕ್ ಇಂಥದ್ದಕ್ಕೆ ಬಿಟ್ಟು ದಿನಾ ಓಡಿಸುವಂತಿಲ್ಲ. ಕ್ಯಾಂಪರ್ ಮಾಡಿ ಮನೆ ಮುಂದೆ ನಿಲ್ಲಿಸಿ ಅದರಲ್ಲೇ ಮಲಗುತ್ತೀರಾ? ಸುಮ್ನೆ ಹಳೇ ಗಾಡಿ ಅಂತ ಇಟ್ಟುಕೊಂಡು ಊರು ಸುತ್ತಿ.

ರೂಫ್ ಕತ್ತರಿಸಿ ಎತ್ತರಿಸುವ ಆಸೆ ಬಿಡಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹೇಳಿದೆ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು. ನಿಮ್ಮದು ಯೆಲ್ಲೋ ಬೋರ್ಡ್ ಅಂದಿದ್ದೀರಿ, ಹಾಗಾದರೆ ಒಂದು ಸ್ಕ್ರೂ ತಿರುಗಿಸುವ ಮೊದಲು ಬಾಕಿ ಟ್ಯಾಕ್ಸ್ ಎಷ್ಟಿದೆ ನೋಡಿ. ಗಾಡಿಯ ಬೆಲೆಗಿಂತ ಅದೇ ಜಾಸ್ತಿ ಇದ್ದರೆ ಮಾವನಿಗೆ ನಮಸ್ಕಾರ ಹೇಳಿ ಬನ್ನಿ. ನಾನು ಎರಡನೇ ಸಲ ಒಳಗಿನ ಯಾವ ಸಾಮಾನನ್ನೂ ಗಾಡಿಯ ತಗಡಿಗೆ ಬೆಸುಗೆ ಹಾಕಿಸಲಿಲ್ಲ. ಮಂಚ, ಕಪಾಟು, ಒಲೆಯ ಪೆಟ್ಟಿಗೆ ಎಲ್ಲ ಬೋಲ್ಟು ಬಿಚ್ಚಿದರೆ ಹೊರಗೆ.

ಇನ್ನೊಂದು ಮಾತು, ಇದು ಯಾರೂ ಹೇಳುವುದಿಲ್ಲ. ಮೆಟಡೋರ್ ಓಡುವುದು ಮುಂದಿನ ಚಕ್ರದ ಬಲದಲ್ಲಿ. ಅದಕ್ಕೇ ಅದರ ನೆಲ ಅಷ್ಟು ತಗ್ಗು, ಕ್ಯಾಂಪರ್‌ಗೆ ಅಷ್ಟು ಅನುಕೂಲ. ನಾನು 100 ಲೀಟರ್ ನೀರಿನ ಟ್ಯಾಂಕನ್ನು ತೀರಾ ಹಿಂದೆ ಇಟ್ಟಿದ್ದೆ. ಮರವಂತೆಯಿಂದ ವಾಪಸ್ ಘಾಟಿ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲಿ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ನಿಂತಲ್ಲೇ ಸುತ್ತಿತು. ಹಿಂದೆ ಒಂದು ಬಸ್ಸು. ಆ ಡ್ರೈವರ್ ಅಂದದ್ದನ್ನು ಇಲ್ಲಿ ಬರೆಯಲಾಗದು. ಈಗ 40 ಲೀಟರ್ ಟ್ಯಾಂಕು, ಬ್ಯಾಟರಿ ಎರಡೂ ಡ್ರೈವರ್ ಸೀಟಿನ ಬೆನ್ನಿಗೆ. ಗ್ಲಾಸ್ ವೂಲ್ ಬದಲು ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟು, ಅದು ನೀರು ಕುಡಿಯುವುದಿಲ್ಲ. ಒಲೆಯ ಪೆಟ್ಟಿಗೆಗೆ ತಳದಲ್ಲಿ ಕಿಂಡಿ ಬಿಡಿ, ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ. ಆ ಕಿಂಡಿಯನ್ನೂ ಮುಚ್ಚಬೇಡಿ. ಸೋಲಾರ್, ಫ್ರಿಜ್ ಬಗ್ಗೆ ಬೇರೆಯವರನ್ನು ಕೇಳಿ. ನಮ್ಮ ಫ್ರಿಜ್ ಒಂದು ಐಸ್ ಡಬ್ಬಿ.

ಅಂದಹಾಗೆ ಸಾಗವಾನಿನೋ ಪ್ಲೈವುಡ್ಡೋ ಅಂತ ತಾನೇ ಕೇಳಿದ್ದು? ಪ್ಲೈವುಡ್. ಐಎಸ್ 710 ಅಂತ ಸೀಲ್ ಇರುವ, ನೀರು ತಡೆಯುವ ಮೆರೀನ್ ಪ್ಲೈ, ಕಪಾಟಿಗೆ 9 ಎಂಎಂ, ಮಂಚಕ್ಕೆ 12. ಎಂಟು ಅಡಿ ನಾಲ್ಕು ಅಡಿಯ 18 ಎಂಎಂ ಹಲಗೆ ಒಂದೇ ಮೂವತ್ತು ಕೆಜಿ ದಾಟುತ್ತದೆ, ಅದನ್ನು ತರಬೇಡಿ. ಕತ್ತರಿಸಿದ ಅಂಚಿಗೆಲ್ಲ ಎರಡು ಕೋಟ್ ವಾರ್ನಿಶ್ ಹೊಡೆಯಿರಿ. ನೆಲದ ಹಲಗೆಗೆ ಸ್ಕ್ರೂ ಬೇಡ, ಎತ್ತಿ ನೋಡುವ ಹಾಗೆ ಇರಲಿ. ನಾನು ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ಎತ್ತಿ ನೋಡುತ್ತೇನೆ. ಬಾಗಿಲ ತೂತುಗಳಿಗೆ ಸೈಕಲ್ ಕಡ್ಡಿ ಹಾಕಿ ಮಣ್ಣು ತೆಗೆಯುವುದು ಮಗನ ಕೆಲಸ. ಇರುವೆ ಈಗಲೂ ಬರುತ್ತವೆ.