ಕೈ ನಡುಗಿದ್ದಕ್ಕೆ ಕಳ್ಳ ಅಂದರು

ದಾವಣಗೆರೆಯಲ್ಲಿ ಕಾಲೇಜುಗಳಿಗೆ ಬರವಿಲ್ಲ. ನಾನು ಆಪ್ತಸಲಹೆಗಾರ್ತಿ. ಸೆಮಿನಾರ್ ಅಂದರೆ ಬೆವರುವ ಹುಡುಗರು ನನ್ನ ಹತ್ತಿರ ವರ್ಷವಿಡೀ ಬರುತ್ತಾರೆ. ಆಗಸ್ಟ್‌ನಲ್ಲಿ ಬರುವವರೇ ಬೇರೆ. ಸೆಪ್ಟೆಂಬರ್‌ನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ವರದಿ ಓದಬೇಕಾದ ಸಹಕಾರ ಸಂಘದವರು. ಅಂಥವರಲ್ಲಿ ಒಬ್ಬರ ವಿಷಯ ಇದು. ಊರು, ಗುರುತು ಬದಲಾಯಿಸಿದ್ದೇನೆ.

ನಲವತ್ತು ದಾಟಿದವರು, ಹರಿಹರದ ಕಡೆಯ ಒಂದು ಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿ. ಹಿಂದಿನ ವರ್ಷ ವರದಿ ಓದುವಾಗ ನಡುವೆ ದನಿ ನಿಂತುಹೋಗಿತ್ತು. ಕೈಯಲ್ಲಿದ್ದ ಹಾಳೆ ಪಟಪಟ ಅಂದಿತ್ತು. ನಿದ್ದೆ, ಊಟ, ಬೇರೆ ಚಿಂತೆ ಎಲ್ಲ ವಿಚಾರಿಸಿದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಮಾತಿಗೆ ಏನೂ ಅಡ್ಡಿಯಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಮೊದಲ ದಿನ ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ನಮ್ಮ ಎದೆ ಹೊಡೆದುಕೊಳ್ಳುವುದು ನಮಗೆ ಕೇಳಿಸಿದಷ್ಟು ಎದುರಿಗಿದ್ದವರಿಗೆ ಕಾಣುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸಾವಿಟ್ಸ್ಕಿ ಮತ್ತು ಗಿಲೊವಿಚ್ 2003ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಈ ಒಂದು ಸಂಗತಿಯನ್ನು ಮೊದಲೇ ಕೇಳಿ ತಿಳಿದಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದ್ದರು. ಕಾರ್ಯದರ್ಶಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ತಗ್ಗಿಸಿ ಹೇಳಿದರು:

"ಕಾಣ್ತದ್ರಿ ಮೇಡಂ. ಹಿಂದಿನ ಸಾಲಿನಾಗೆ ಒಬ್ರು ಅಂದ್ರು, ಲೆಕ್ಕದಾಗೆ ಏನೋ ಐತಿ, ಅದಕ್ಕೇ ಕೈ ನಡುಗ್ತಾವೆ ಅಂತ."

ನನ್ನ ಬಾಯಿ ಕಟ್ಟಿತು. ಭಯ ಅಂತ ಬಂದಿದ್ದ ಮನುಷ್ಯ ಹೊತ್ತುಕೊಂಡಿದ್ದು ಕಳ್ಳತನದ ಅಪವಾದ. ಅದಕ್ಕೆ ನಾನು ಅಧ್ಯಯನದ ಸಮಾಧಾನ ಹೇಳುತ್ತಾ ಕೂತಿದ್ದೆ.

ಮುಂದಿನ ಸಲ ವರದಿ ತರಲು ಹೇಳಿದೆ. ತಂದರು. ಪೆನ್ಸಿಲ್ ಕೊಟ್ಟು, "ಜೋರಾಗಿ ಓದಿ, ಉಸಿರು ಎಲ್ಲಿ ಸಾಲಲ್ಲವೋ ಅಲ್ಲಿ ಗೆರೆ ಹಾಕಿ" ಅಂದೆ. ಎರಡನೇ ಪ್ಯಾರಾದಲ್ಲಿ ಈ ವಾಕ್ಯ ಬಂತು:

"ಸದರಿ ಸಂಘವು ಪ್ರಸಕ್ತ ಸಾಲಿನಲ್ಲಿ ಸರ್ವ ಸದಸ್ಯರ ಸಹಕಾರದೊಂದಿಗೆ ಹಾಲು ಶೇಖರಣೆಯಲ್ಲಿ ಗಣನೀಯ ಪ್ರಗತಿ ಸಾಧಿಸಿ, ಶಾಸನಬದ್ಧ ನಿಧಿಗಳಿಗೆ ವರ್ಗಾಯಿಸಿದ ನಂತರ ಉಳಿಯುವ ಮೊತ್ತವನ್ನು ಬೋನಸ್ ರೂಪದಲ್ಲಿ ವಿತರಿಸಲು ತೀರ್ಮಾನಿಸಲಾಗಿದೆ ಎಂಬ ವಿಷಯವನ್ನು ತಮ್ಮೆಲ್ಲರ ಅವಗಾಹನೆಗೆ ತರಬಯಸುತ್ತೇನೆ."

27 ಪದ. "ವರ್ಗಾಯಿಸಿದ ನಂತರ" ಅನ್ನುವಲ್ಲಿ ದನಿ ಸೀಳಿತು. ಪೆನ್ಸಿಲ್ ನಿಂತಿತು. ಅವರೇ ಹೇಳಿದರು, "ಹೋದ ವರ್ಷನೂ ಇಲ್ಲೇ ರೀ." ಅದು ಅವರಿಗಿಂತ ಹಿಂದೆ ಇದ್ದವರು ಬರೆದ ವರದಿಯಂತೆ. ವರ್ಷವರ್ಷ ಅಂಕಿ ಮಾತ್ರ ಬದಲಾಯಿಸಿಕೊಂಡು ಓದುತ್ತಾ ಬಂದಿದ್ದಾರೆ.

ಅಷ್ಟುದ್ದ ಸಾಲನ್ನು ಒಂದೇ ಉಸಿರಿಗೆ ಓದಲು ಹೊರಟರೆ ಯಾರಿಗಾದರೂ ಉಸಿರು ಕಟ್ಟುತ್ತದೆ, ಅಲ್ವಾ? ಮೊದಲೇ ಎದೆ ಹೊಡೆದುಕೊಳ್ಳುತ್ತಿರುವವರಿಗೆ ಕೇಳಬೇಕೆ. ಉಸಿರು ಸಾಲದಾಗ "ಅಯ್ಯೋ, ಶುರುವಾಯ್ತು" ಅನ್ನಿಸುತ್ತದೆ, ಕೈ ಇನ್ನೂ ನಡುಗುತ್ತದೆ.

ಕಾಗದ ಮಗುಚಿಟ್ಟೆ. "ಡೈರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತ ಅಜ್ಜಿ ಕೇಳಿದ್ರೆ ಏನಂತೀರಿ?" ಅಂದೆ.

"ಹಾಲು ಹೋದ ವರ್ಷಕ್ಕಿಂತ ಜಾಸ್ತಿ ಬಂದೈತಜ್ಜಿ. ಕಾನೂನು ಪ್ರಕಾರ ನಿಧಿಗೆ ಕಟ್ಟೋದು ಕಟ್ಟೀವಿ. ಉಳಿದಿದ್ದು ಬೋನಸ್ಸು. ದೀಪಾವಳಿ ಒಳಗೆ ಕೊಡ್ತೀವಿ."

ಒಂದು ಕಡೆಯೂ ತಡವರಿಸಲಿಲ್ಲ. ಇದನ್ನೇ ಬರೆಯಿರಿ ಅಂದೆ. "ಇದು ಬರೆಯೋ ಭಾಷೆ ಅಲ್ಲ ಮೇಡಂ" ಅಂತ ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ "ಐತಿ"ಯನ್ನು "ಇದೆ" ಮಾಡಿಕೊಂಡು ರಾಜಿಯಾದೆವು.

ಇದು ಆಪ್ತಸಲಹೆಯೋ ಕನ್ನಡ ಪಾಠವೋ ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ಬಾಲ್ಯ ಕೆದಕಿ ಆರು ತಿಂಗಳು ಓಡಾಡಿಸಬಹುದಿತ್ತು. ಆದರೆ ಅವರಿಗಿದ್ದದ್ದು ಐದು ವಾರ, ಮತ್ತು ತೊಡಕು ಕಾಗದದಲ್ಲೇ ಇತ್ತು. ಭಾಷಣದ ಭಯ ಅಂತ ಬರುವವರ ಕೈಯಲ್ಲಿರುವ ಬರಹವನ್ನು ನಾವು ಓದಿ ನೋಡುವುದೇ ಇಲ್ಲ. ಧೈರ್ಯ ತುಂಬಿ ಕಳಿಸುತ್ತೇವೆ.

ಉಳಿದ ಸಲಹೆಗಳು ಸಣ್ಣವು. ವರದಿಯನ್ನು ತೆಳು ಹಾಳೆಯಲ್ಲಿ ಹಿಡಿಯಬೇಡಿ, ಹಿಂದೆ ರಟ್ಟು ಅಂಟಿಸಿ. ಕೈ ಅಷ್ಟೇ ನಡುಗಿದರೂ ರಟ್ಟು ಪಟಪಟ ಅನ್ನುವುದಿಲ್ಲ. ಜನ ಕಾಯುವುದು ಬೋನಸ್‌ಗೆ, ಅದನ್ನು ಮೊದಲು ಹೇಳಿ. ಪೈಸೆ ಲೆಕ್ಕ ಅಚ್ಚಿನ ಪ್ರತಿಯಲ್ಲಿರಲಿ, ಬಾಯಲ್ಲಿ "ನಾಲ್ಕು ಲಕ್ಷ ಚಿಲ್ಲರೆ" ಸಾಕು. ಮೊದಲ ವಾಕ್ಯ ಮಾತ್ರ ಬಾಯಿಪಾಠ ಮಾಡಿ. ಪೂರ್ತಿ ಉರು ಹೊಡೆದರೆ ಒಂದು ಪದ ಜಾರಿದರೂ ಎಲ್ಲ ಜಾರುತ್ತದೆ. ಮೈಕ್ ಮುಂದೆ ನಿಂತು ಒಮ್ಮೆ ನಿಧಾನಕ್ಕೆ ಉಸಿರು ಬಿಟ್ಟು ಶುರು ಮಾಡಿ. ಮೊದಲು ಮನೆಯವರ ಮುಂದೆ, ಆಮೇಲೆ ಇಬ್ಬರು ನಿರ್ದೇಶಕರ ಮುಂದೆ, ಆಮೇಲೆ ಖಾಲಿ ಹಾಲ್‌ನಲ್ಲಿ ಓದಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯದ ಹತ್ತಿರ ಹೋಗುವ ದಾರಿಯನ್ನು ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲೇ ಬರೆದಿದ್ದಾರೆ, ನನ್ನದೇನೂ ಹೊಸದಲ್ಲ.

ಸಭೆ ಮುಗಿದ ವಾರ ಬಂದರು, ಮಂಡಕ್ಕಿ ಪೊಟ್ಟಣದ ಜೊತೆ. ಕೈ ನಡುಗಲಿಲ್ವಾ ಅಂದೆ.

"ನಡುಗಿದ್ವು ರೀ. ಕೈ ಯಾರು ನೋಡ್ಬೇಕು? ಹಿಂಡಿ ರೇಟ್ ಯಾಕೆ ಏರಿಸಿದ್ರಿ ಅಂತ ಮುಕ್ಕಾಲು ಗಂಟೆ ಜಗಳ. ನಿಂತೇ ಉತ್ತರ ಕೊಟ್ಟೆ."