ಹತ್ತು ಸಾವಿರ ಕೊಟ್ರೆ ಎರಡು ಸಾವಿರ ಲಿಂಕು, ತಗೊಳ್ಲಾ?

ಪ್ರಶ್ನೆ: ಮೇಡಂ ನಮಸ್ತೆ, ಮೂಡಿಗೆರೆ ಹತ್ರ ನಮ್ದು ಎಂಟು ಎಕರೆ ಕಾಫಿ ತೋಟ, ಅಲ್ಲೇ ನಾಲ್ಕು ರೂಮಿನ ಹೋಂಸ್ಟೇ ಇದೆ. ಮಗ ವೆಬ್‌ಸೈಟ್ ಮಾಡ್ಕೊಟ್ಟಿದಾನೆ, ಆದ್ರೆ ಗೂಗಲ್‌ನಲ್ಲಿ ಹುಡುಕಿದ್ರೆ ನಾವು ನಾಲ್ಕನೇ ಪೇಜಲ್ಲಿರ್ತೀವಿ. ಬುಕಿಂಗ್ ಎಲ್ಲಾ ಆ್ಯಪ್‌ಗಳಿಂದನೇ ಬರೋದು, ಕಮಿಷನ್ ಕೊಟ್ಟೂ ಕೊಟ್ಟೂ ಸಾಕಾಗಿದೆ. ಈಗ ಒಬ್ರು ಫೋನ್ ಮಾಡಿ, ಹತ್ತು ಸಾವಿರಕ್ಕೆ ಎರಡು ಸಾವಿರ ಬ್ಯಾಕ್‌ಲಿಂಕ್ ಹಾಕಿಸ್ತೀನಿ, ಒಂದೇ ತಿಂಗಳಲ್ಲಿ ಮೊದಲನೇ ಪೇಜಿಗೆ ತರ್ತೀನಿ ಅಂತಿದಾರೆ. ಕೊಡ್ಲಾ?

ಉತ್ತರ: ದಯವಿಟ್ಟು ಕೊಡ್ಬೇಡಿ. ಬ್ಯಾಕ್‌ಲಿಂಕ್ ಅಂದ್ರೆ ಬೇರೆಯವರ ವೆಬ್‌ಸೈಟಿಂದ ನಿಮ್ಮ ಪೇಜಿಗೆ ಇರೋ ದಾರಿ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ, ಗೂಗಲ್ ಶುರು ಮಾಡಿದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಅದನ್ನ ಶಿಫಾರಸು ಥರ ಲೆಕ್ಕ ಹಾಕೋ ಪೇಜ್‌ರ‍್ಯಾಂಕ್ ತಂದ್ರು, ಅದೂ ಬರೀ ತಲೆ ಎಣಿಕೆ ಅಲ್ಲ, ಯಾರು ಹೇಳ್ತಿದಾರೆ ಅನ್ನೋದಕ್ಕೆ ತೂಕ ಜಾಸ್ತಿ. ನಾವು ಮಗಳಿಗೆ ಸಂಬಂಧ ನೋಡೋವಾಗ ಆ ಊರಲ್ಲಿ ಗೊತ್ತಿರೋ ಒಬ್ರನ್ನ ಕೇಳ್ತೀವಲ್ಲ, ಬಸ್‌ಸ್ಟ್ಯಾಂಡಲ್ಲಿ ನಿಂತಿರೋ ನೂರು ಜನನ್ನ ಕೇಳಲ್ಲ, ಹಾಗೇ. ದುಡ್ಡಿನ ಲಿಂಕ್ ಹಿಡಿಯೋಕೆ ಅಂತಾನೇ ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆ ತಂತು, ಈಗಂತೂ ಅಂಥ ಲಿಂಕನ್ನ ಎಷ್ಟೋ ಸಲ ಲೆಕ್ಕಕ್ಕೇ ತಗೊಳ್ಳಲ್ಲ, ನಿಮ್ಮ ದುಡ್ಡು ನೀರಲ್ಲಿ ಹೋಮ.

ಇನ್ನೂ ಕೆಟ್ಟದೂ ಆಗುತ್ತೆ. ಹಾಸನದ ಒಬ್ರು ಟ್ರಾವೆಲ್ಸ್‌ನವರ ಸೈಟು ನನ್ನ ಕೈಗೆ ಬಂದಾಗ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡೋ ಫ್ರೀ ಸಾಧನ) ಲಿಂಕ್‌ಗಳ ಪಟ್ಟಿ ತೆಗೆದು ನೋಡ್ದೆ, ರಮ್ಮಿ ಸೈಟು, ಮಾತ್ರೆ ಮಾರೋ ಸೈಟು, ಓದೋಕೂ ಬರದ ಭಾಷೆಯ ಪೇಜು, ಎಲ್ಲದರಲ್ಲೂ ಅವೇ ಮೂರು ಪದ, ‘ಬೆಸ್ಟ್ ಟ್ಯಾಕ್ಸಿ ಹಾಸನ್’. ಮ್ಯಾನ್ಯುಯಲ್ ಆ್ಯಕ್ಷನ್, ಅಂದ್ರೆ ಗೂಗಲ್‌ನವರೇ ಪರಿಶೀಲಿಸಿ ಹಾಕೋ ದಂಡನೆ, ಬಿದ್ದಿತ್ತು. ಒಂದೊಂದು ಸೈಟಿಗೂ ತೆಗೀರಿ ಅಂತ ಬರೆದು, ಉಳಿದಿದ್ದನ್ನ ಡಿಸ್‌ಅವೋ ಫೈಲಲ್ಲಿ (ಈ ಲಿಂಕ್‌ಗಳನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಕೊಡೋ ಪಟ್ಟಿ) ಹಾಕಿ, ಗೂಗಲ್‌ಗೆ ಮರುಪರಿಶೀಲನೆ ಅರ್ಜಿ ಕೊಟ್ಟು ಸರಿ ಮಾಡೋಷ್ಟರಲ್ಲಿ ಅವರ ಒಂದು ಸೀಸನ್ನೇ ಹೋಯ್ತು, ನೋಡಿ ಹೊಟ್ಟೆ ಉರೀತು.

ಮೊದಲು ನಿಮ್ಮನ್ನ ಬಲ್ಲವರನ್ನ ಕೇಳಿ. ನಿಮ್ಮ ಬೀಜ ತಗೊಳ್ಳೋ ಬೆಂಗಳೂರಿನ ರೋಸ್ಟರಿ (ಕಾಫಿ ಬೀಜ ಹುರಿದು ಮಾರೋರು) ಇದ್ರೆ ಅವರ ಸೈಟಲ್ಲಿ ತೋಟದ ಹೆಸರು ಇರಬೋದು, ಅದಕ್ಕೆ ಲಿಂಕ್ ಕೊಡಿ ಅನ್ನಿ. ಹಕ್ಕಿ ಫೋಟೋಗೆ ಬಂದ ಗೆಸ್ಟ್ ಬರೆದ ಬರಹ, ನಿಮ್ಮ ಫೋಟೋ ಬಳಸಿದ ಪತ್ರಿಕೆಯ ಸೈಟು, ಇವರಿಗೆಲ್ಲ ಎರಡು ಸಾಲಿನ ಮೇಲ್ ಸಾಕು. ಆದ್ರೆ ಒಂದು ವಿಷಯ, ಯಾರಿಗಾದ್ರೂ ಫ್ರೀ ರೂಮ್ ಕೊಟ್ಟು ಲಿಂಕ್ ಹಾಕಿಸ್ಕೊಂಡ್ರೆ ಅದೂ ದುಡ್ಡಿನ ಲಿಂಕೇ, ಆ ಲಿಂಕಿನ ಕೋಡಲ್ಲಿ ‘ಸ್ಪಾನ್ಸರ್ಡ್’ ಅನ್ನೋ ಗುರುತು ಹಾಕೋಕೆ ಹೇಳ್ಬೇಕು, 2019ರಿಂದ ಅದಕ್ಕೆ ಬೇರೆ ಗುರುತೇ ಇದೆ.

ಆಮೇಲೆ, ನಿಮ್ಮ ಹತ್ರ ಮಾತ್ರ ಇರೋದನ್ನ ಸೈಟಿಗೆ ಹಾಕಿ. ನಿಮ್ಮನೇಲಿ ಮಳೆ ಪುಸ್ತಕ ಇಲ್ವಾ? ಮಲೆನಾಡಿನ ಎಷ್ಟೋ ತೋಟದ ಮನೇಲಿ ಇರುತ್ತೆ, ಬೆಳಿಗ್ಗೆ ಎದ್ದು ಮಳೆ ಮಾಪಕದ ನೀರು ಗಾಜಿನ ಅಳತೆಗೆ ಬಗ್ಗಿಸಿ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆದಿಟ್ಟಿರೋದು, ಮಾವನವರ ನೀಲಿ ಇಂಕು, ಅಂಚೆಲ್ಲಾ ಜಿರಳೆ ತಿಂದಿರೋ ಹಾಳೆ. ಅದನ್ನ ವರ್ಷ ವರ್ಷ ಟೈಪ್ ಮಾಡಿ ಹಾಕಿ, ಪುಟದ ಫೋಟೋನೂ ಇರ್ಲಿ. ಹೂಮಳೆ (ಕಾಫಿ ಹೂವು ಅರಳಿಸೋ ಬೇಸಿಗೆ ಮಳೆ) ಯಾವತ್ತು ಬಿತ್ತು, ರೋಬಸ್ಟಾ ಕಾಫಿ ಯಾವತ್ತು ಅರಳ್ತು, ಇದನ್ನೂ ಸೇರಿಸಿ. ಹೂವು ನೋಡೋಕೆ ಬರೋರು ಆ ತಾರೀಕನ್ನೇ ಹುಡುಕ್ತಾರೆ, ಹವಾಮಾನದ ಬಗ್ಗೆ ಬರೆಯೋ ಪತ್ರಕರ್ತರು, ಕೃಷಿ ಕಾಲೇಜಿನ ಹುಡುಗ್ರು, ಅಕ್ಕಪಕ್ಕದ ಬೆಳೆಗಾರರು ಯಾರೂ ಹೇಳದೇನೇ ಲಿಂಕ್ ಕೊಡೋ ಥರದ ಪೇಜ್ ಅದು. ಆ ಪೇಜಿಂದ ರೂಮುಗಳ ಪೇಜಿಗೆ ಒಂದು ಲಿಂಕ್ ಇಡೋದು ಮರೀಬೇಡಿ.

ಒಂದು ತಿಂಗಳಲ್ಲಿ ಆಗಲ್ಲ, ಕಾಫಿ ಗಿಡ ನೆಟ್ಟೋರಿಗೆ ಕಾಯೋದು ಗೊತ್ತಿರುತ್ತೆ. ಅಷ್ಟರಲ್ಲಿ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಸರಿಯಾಗಿದೆಯಾ ನೋಡ್ಕೊಳ್ಳಿ.

ಪ್ರಶ್ನೆ: ಸಕಲೇಶಪುರದಲ್ಲಿ ನಮ್ದೂ ಹೋಂಸ್ಟೇ. ಸ್ನೇಹಿತರು ಹತ್ತು ಜನ ಸೇರಿ ಒಬ್ರಿಗೊಬ್ರು ಲಿಂಕ್ ಹಾಕ್ಕೊಂಡ್ರೆ?

ಉತ್ತರ: ಬರೀ ಲಿಂಕಿಗೋಸ್ಕರ ಹತ್ತೂ ಜನ ಹತ್ತೂ ಜನಕ್ಕೆ ಹಾಕೋದು ಗೂಗಲ್ ನಿಯಮಕ್ಕೆ ವಿರುದ್ಧ. ನಿಮ್ಮಲ್ಲಿ ರೂಮ್ ಫುಲ್ ಆದಾಗ ಗೆಸ್ಟ್‌ನ ಯಾರ ಮನೆಗೆ ಧೈರ್ಯವಾಗಿ ಕಳಿಸ್ತೀರೋ ಅವರಿಗೆ ಮಾತ್ರ ಕೊಡಿ, ಅವರ ಅಡುಗೆ ಹೇಗಿರುತ್ತೆ, ರಸ್ತೆ ಹೇಗಿದೆ ಅಂತ ಎರಡು ಸಾಲು ಬರೆದು ಕೊಡಿ.